ಎಣ್ಣೆ ನಿಲ್ಲುತ್ತಿದ್ದ ಎದೆ

ವರ್ಷಕ್ಕೆ ಒಂದೆರಡು ಸಲ ನಾನು ಗುರುತು ಪರಿಚಯ ಇಲ್ಲದವರ ಮುಂದೆ ಅಂಗಿ ಬಿಚ್ಚುತ್ತೇನೆ. ಮೊನ್ನೆ ಆವನಿ ಕಡೆಯಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಹದಿನಾರು ವರ್ಷದವನಿರಬೇಕು. ಬೆನ್ನು ಬಾಗಿಸಿ, ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿಕೊಂಡು ಜಗಲಿಯ ಮೂಲೆಯಲ್ಲಿ ಕೂತ. ಯಾರು, ಏನು ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ನಾನೂ ಆ ವಯಸ್ಸಿನಲ್ಲಿ ಹಾಗೇ ಕೂರುತ್ತಿದ್ದೆ.

"ಸ್ವಾಮಿ, ತಪ್ಪು ತಿಳ್ಕೋಬೇಡಿ. ನಿಮ್ಮ ಎದೆ ಒಂದ್ಸಲ ನೋಡ್ಬೋದಾ?" ಎಂದರು ತಾಯಿ.

ಅಂಗಿ ಬಿಚ್ಚಿದೆ. ಕಾಫಿ ತಂದ ನನ್ನ ಹೆಂಡತಿ ಲೋಟಗಳನ್ನು ಇಟ್ಟು, ನಗುತ್ತಾ ಒಳಗೆ ಹೋದಳು. ಅವಳಿಗೆ ಇದು ಅಭ್ಯಾಸವಾಗಿದೆ. ಹುಡುಗ ಹತ್ತಿರ ಬಂದು ಗಾಯದ ಗೆರೆಯ ಮೇಲೆ ಬೆರಳಿಟ್ಟು ನೋಡಿದ. "ನೋವಾಯ್ತಾ?" ಎಂದ. "ಬಹಳ ಆಯ್ತು ಕಣಪ್ಪ" ಎಂದೆ. ತಾಯಿಗೆ ನನ್ನ ಉತ್ತರ ಹಿಡಿಸಲಿಲ್ಲ. ಆದರೆ ಹುಡುಗ ಕಟ್ಟಿದ್ದ ಕೈ ಬಿಟ್ಟು, ಕಾಫಿ ಎತ್ತಿಕೊಂಡ.

ನಮ್ಮ ಮನೆಯ ತನಕ ಬರಲಾಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕತ್ತರಿಸುವುದು ಹೇಗೆ, ಹೊಲಿಯುವುದು ಹೇಗೆ ಎಂಬುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ನನ್ನ ಕಾಲದ ಕ್ರಮ ಈಗ ಇಲ್ಲ. ಕಾಯುವುದು ಹೇಗೆ, ಹೆದರುವುದು ಹೇಗೆ, ಮತ್ತು ಏನನ್ನು ಮಾಡಬಾರದು ಎಂಬುದಷ್ಟೇ ನನಗೆ ಗೊತ್ತಿರುವುದು. ಮಾಡಬಾರದ್ದನ್ನು ನಾನು ಮಾಡಿಯೇ ಕಲಿತವನು.

ನಮ್ಮದು ಹುತ್ತೂರಿನ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ಮನೆ ತುಂಬಾ ರೇಷ್ಮೆ ಹುಳದ ತಟ್ಟೆಗಳು. ಬೆಚ್ಚಗಿನ ಜಾಗವೆಲ್ಲಾ ಹುಳಗಳಿಗೆ, ಉಳಿದದ್ದು ನಮಗೆ. ನನ್ನನ್ನು ಹೆತ್ತ ವರ್ಷವೇ ಅಮ್ಮ ತೀರಿಕೊಂಡಿದ್ದರಿಂದ ಸಾಕಿದವಳು ಅಪ್ಪನ ತಾಯಿ, ಮುನೆಮ್ಮಜ್ಜಿ. ಹುಟ್ಟಿದಾಗಲೇ ನನ್ನ ಎದೆಯ ನಡುವೆ ಸಣ್ಣ ತಗ್ಗು ಇತ್ತಂತೆ. "ಮಣ್ಣು ಆರೋ ಮುಂಚೆ ದೇವ್ರು ಹೆಬ್ಬೆಟ್ಟಲ್ಲಿ ಒತ್ತಿಬಿಟ್ಟವ್ನೆ" ಎಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ನಾನು ಬೆಳೆದಂತೆ ಅದೂ ಬೆಳೆಯಿತು. ಹನ್ನೆರಡು ವರ್ಷಕ್ಕೆ ಒಂದು ಮುಷ್ಟಿ ಹಿಡಿಸುವಷ್ಟಾಗಿತ್ತು.

ಅಜ್ಜಿಗೆ ಅದರಿಂದ ಒಂದು ಅನುಕೂಲವೂ ಆಗಿತ್ತು. ಎಣ್ಣೆ ನೀರಿನ ದಿನ ನನ್ನನ್ನು ಮಣೆಯ ಮೇಲೆ ಅಂಗಾತ ಮಲಗಿಸಿ, ಗಿಂಡಿಯಿಂದ ಹರಳೆಣ್ಣೆಯನ್ನು ಆ ತಗ್ಗಿಗೇ ಸುರಿಯುತ್ತಿದ್ದಳು. ಬಟ್ಟಲಿನಲ್ಲಿ ನಿಂತ ಹಾಗೆ ನಿಲ್ಲುತ್ತಿತ್ತು. ಅಲ್ಲಿಂದ ಬೆರಳಲ್ಲಿ ಅದ್ದಿ ಅದ್ದಿ ನೆತ್ತಿ, ಕೈ, ಕಾಲಿಗೆಲ್ಲಾ ತಿಕ್ಕುತ್ತಿದ್ದಳು. "ಅಲ್ಲಾಡ್ಬೇಡ ಕಣೋ, ಚೆಲ್ತದೆ" ಎನ್ನುತ್ತಿದ್ದಳು. ಒಂದು ಹನಿ ಎಣ್ಣೆ ನೆಲಕ್ಕೆ ಬಿದ್ದರೂ ರಂಪ ಮಾಡುವ ಹೆಂಗಸು.

ಊರಿನ ಹುಡುಗರು ನನಗೆ 'ಒರಳು' ಎಂದು ಹೆಸರಿಟ್ಟಿದ್ದರು. ಬಾವಿಗೆ ಈಜಲು ಹೋಗುವುದನ್ನು ಬಿಟ್ಟೆ. ಬೇಸಿಗೆಯಲ್ಲೂ ಅಂಗಿ ತೆಗೆಯುತ್ತಿರಲಿಲ್ಲ. ಮನೆಯವರು ಗೊತ್ತಿದ್ದ ಔಷಧಿಯನ್ನೆಲ್ಲಾ ಮಾಡಿಸಿದರು. ಒಬ್ಬರು ಬರೆ ಹಾಕಿದರು. ಇನ್ನೊಬ್ಬರು ಸಣ್ಣ ಕುಡಿಕೆಯಲ್ಲಿ ಬತ್ತಿ ಹಚ್ಚಿ ಎದೆಗೆ ಬೋರಲು ಹಾಕಿ, ತಗ್ಗು ಮೇಲಕ್ಕೆಳೆದುಕೊಳ್ಳುತ್ತದೆ ಎಂದರು. ಚರ್ಮ ಮೇಲೆದ್ದಿತು, ಮೂಳೆ ಇದ್ದಲ್ಲೇ ಇತ್ತು. ಗರಡಿಮನೆಯ ಯಜಮಾನರು ನನ್ನನ್ನು ಒಂದು ವಾರ ದಂಡ ಹೊಡೆಸಿ, "ನಿಂಗ್ಯಾಕಪ್ಪ ಇದು" ಎಂದು ಮನೆಗೆ ಕಳಿಸಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಇರಲಿಲ್ಲ. ಬಸ್ಸುಗಳು ಹಿಂದೆ ಒಂದು ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ದೊಡ್ಡ ಮಾತು. ದಿಣ್ಣೆ ಬಂದರೆ ಎಲ್ಲರೂ ಇಳಿದು ತಳ್ಳಬೇಕಾಗಿತ್ತು. ನನಗೆ ಹದಿನೇಳು ನಡೆಯುತ್ತಿದ್ದಾಗ ಅಪ್ಪನ ಜೊತೆ ರೇಷ್ಮೆ ಗೂಡು ಮಾರಲು ಕೋಲಾರಕ್ಕೆ ಹೊರಟಿದ್ದೆ. ದಿಣ್ಣೆಯಲ್ಲಿ ಇಳಿದು ಬಸ್ಸಿಗೆ ಹೆಗಲು ಕೊಟ್ಟೆ. ಹತ್ತು ಹೆಜ್ಜೆ ಹಾಕಿರಬೇಕು, ಉಸಿರು ಒಳಗೆ ಹೋಗಲೇ ಇಲ್ಲ. ಕಣ್ಣು ಕತ್ತಲಿಟ್ಟು ರಸ್ತೆಯಲ್ಲೇ ಕೂತೆ.

"ಏನ್ಲಾ, ಮದ್ವೆ ವಯಸ್ಸಿನೋನು, ಮುದುಕ್ರು ತಳ್ತವ್ರೆ ನೀನು ಕೂತಿದ್ಯಲ್ಲಾ" ಎಂದ ಕಂಡಕ್ಟರು. ನಿಜಕ್ಕೂ ಮುದುಕರು ನನ್ನನ್ನು ದಾಟಿ ತಳ್ಳುತ್ತಾ ಹೋದರು. ಅಪ್ಪ ಕೋಲಾರದಲ್ಲಿ ಗೂಡಿನ ಮೂಟೆ ಇಳಿಸಿ, ನನ್ನನ್ನು ನೇರವಾಗಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು.

ಆಸ್ಪತ್ರೆಯ ಮುಂದೆ ಹೊಂಗೆ ಮರದ ಕೆಳಗೆ ಬೆಂಚುಗಳು. ಅಲ್ಲಿ ಕೂತವರೆಲ್ಲಾ ಒಬ್ಬರ ಕಾಯಿಲೆ ಒಬ್ಬರಿಗೆ ಹೇಳಿಕೊಳ್ಳುವುದೇ ಹೊತ್ತು ಕಳೆಯುವ ದಾರಿ. ಮಾಲೂರಿನ ಒಬ್ಬ ಹೆಂಗಸು ನನಗೆ ಹುರಿದ ಕಡಲೆಕಾಯಿ ಕೊಟ್ಟು "ನಿಂಗೇನಪ್ಪ?" ಎಂದರು. ಹೇಳಲು ನನಗೆ ಹೆಸರೇ ಇರಲಿಲ್ಲ. "ಎದೆ" ಎಂದೆ. ಕ್ಷಯ ಎಂದುಕೊಂಡು ಸ್ವಲ್ಪ ದೂರ ಸರಿದರು. ಆಮೇಲೆ ಏನನ್ನಿಸಿತೋ, ಮತ್ತೆ ಒಂದು ಹಿಡಿ ಕಡಲೆಕಾಯಿ ನನ್ನ ಕಡೆ ಚಾಚಿದರು. ಆ ಎರಡನೆಯ ಹಿಡಿಯನ್ನು ನಾನು ಇನ್ನೂ ಮರೆತಿಲ್ಲ.

ಡಾಕ್ಟರು ಸಮುದ್ರದಾಚೆಯಿಂದ ಬಂದ ಬಿಳಿಯ ದೊರೆ. ತೆಲುಗನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು, ಕನ್ನಡ ತಡವರಿಸುತ್ತಿತ್ತು. ನನ್ನ ಅಂಗಿ ತೆಗೆಸಿ, ಅಂಗೈಯನ್ನು ಆ ತಗ್ಗಿನಲ್ಲಿಟ್ಟು ನೋಡಿದರು. ನಗದೆ ಅಲ್ಲಿ ಕೈಯಿಟ್ಟವರು ಅಜ್ಜಿಯನ್ನು ಬಿಟ್ಟರೆ ಅವರೇ. ಆಮೇಲೆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದು ತೋರಿಸಿದರು. ಎದೆಯ ನಡುಮೂಳೆ ಹಿಂದಕ್ಕೆ ಹೋಗಿ ಗುಂಡಿಗೆಯನ್ನು ಪಕ್ಕಕ್ಕೆ ನೂಕಿತ್ತು.

"ಕೊಯ್ಯದಿದ್ರೆ ಸಾಯ್ತಾನಾ ಸ್ವಾಮಿ?" ಎಂದರು ಅಪ್ಪ.

"ಈಗ ಇಲ್ಲ. ಉಸಿರು ಮಾತ್ರ ಇಷ್ಟೇ. ವರ್ಷ ಹೋದಂಗೆ ಇನ್ನೂ ಕಮ್ಮಿ."

"ಕೊಯ್ದ್ರೆ?"

"ಎರಡು ಸಲ ಮಾಡಿದೀನಿ. ಇಬ್ಬರೂ ನಡೆದು ಮನೆಗೆ ಹೋದ್ರು. ಮೂರನೇವನಿಗೆ ಮಾತು ಕೊಡೋಕಾಗಲ್ಲ."

ಅವರು ತಿಂಗಳ ಕೊನೆಗೆ ತಮ್ಮ ದೇಶಕ್ಕೆ ಹೊರಟಿದ್ದರು, ತಿರುಗಿ ಬರುವ ಮಾತಿರಲಿಲ್ಲ. ಅವರ ನಂತರ ಇದನ್ನು ಮಾಡುವವರು ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಒಂದೇ ಮಾತು ಹೇಳಿದರು: "ಇರೋ ಹಂಗೆ ಇರ್ಲಿ. ಇರೋನೊಬ್ಬ ಮಗ." ಅಜ್ಜಿ ನನ್ನ ಕಡೆ ತಿರುಗಿ, "ನೀನೇನಂತೀಯೋ ನಾರಾಯಣ?" ಎಂದಳು. ನನಗೆ ಆಗ ಹೊಳೆದದ್ದು ಅದೊಂದೇ. "ನಾನು ಬಸ್ಸು ತಳ್ಬೇಕಜ್ಜಿ" ಎಂದೆ. ಅಪ್ಪ ಎದ್ದು ಹುಳದ ಕೋಣೆಗೆ ಹೋದರು. ಅದನ್ನೇ ಅಪ್ಪನ ಒಪ್ಪಿಗೆ ಎಂದು ಅಜ್ಜಿ ಲೆಕ್ಕ ಹಿಡಿದಳು.

ಮನೆಯಲ್ಲಿ ಹುಳ ಬೆಳೆಯುವ ಹೊತ್ತು, ಅಪ್ಪ ಬಿಟ್ಟು ಬರುವಂತಿರಲಿಲ್ಲ. ಅಜ್ಜಿಯೇ ನನ್ನ ಜೊತೆ ಆಸ್ಪತ್ರೆಯಲ್ಲಿ ನಿಂತಳು. ಬೇರೆ ಊರಿನವರು ಆಸ್ಪತ್ರೆಯ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡಿಕೊಳ್ಳುತ್ತಿದ್ದರು. ನನ್ನ ಪಕ್ಕದ ಮಂಚದಲ್ಲಿ ಮುಳಬಾಗಿಲಿನ ದಸ್ತಗೀರ್ ಸಾಬರು ಇದ್ದರು. ಬಟ್ಟೆ ಹೊಲಿಯುವವರು, ಜಟಕಾದಿಂದ ಬಿದ್ದು ಕಾಲು ಮುರಿದುಕೊಂಡು, ಪಟ್ಟಿ ಕಟ್ಟಿಸಿಕೊಂಡು ತಿಂಗಳಿಂದ ಅಲ್ಲೇ ಇದ್ದರು. ಆಸ್ಪತ್ರೆಯ ಕಾನೂನೆಲ್ಲಾ ಅವರಿಗೆ ಬಾಯಿಪಾಠ.

ಹಿಂದಿನ ಸಂಜೆ ಸಿಸ್ಟರ್ ಬಂದು, "ನಾಳೆ ಬೆಳಿಗ್ಗೆ ಏನೂ ತಿನ್ನಬೇಡ ಬಾಬು, ಹೊಟ್ಟೆ ಖಾಲಿ ಇರ್ಬೇಕು" ಎಂದು ಎರಡು ಸಲ ಹೇಳಿ ಹೋದರು. ನಾವಿಬ್ಬರೂ ತಲೆಯಾಡಿಸಿದೆವು. ಇನ್ನು ನಮ್ಮ ಮನೆಯ ಪದ್ಧತಿ ಹೇಳುತ್ತೇನೆ. ಶನಿವಾರ ನಮ್ಮಲ್ಲಿ ಒಪ್ಪೊತ್ತು. ಬೆಳಗಿನಿಂದ ಮುದ್ದೆ, ಅನ್ನ ಮುಟ್ಟುವುದಿಲ್ಲ. ಆದರೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕುಡಿಯಬಹುದು, ಅದರಿಂದ ಒಪ್ಪೊತ್ತು ಕೆಡುವುದಿಲ್ಲ. ಅಂಬಲಿಯನ್ನು ನಮ್ಮಲ್ಲಿ ಯಾರೂ ಊಟವೆಂದು ಎಣಿಸುವುದಿಲ್ಲ. ಆಪರೇಷನ್ನಿನ ದಿನವನ್ನೂ ಅಜ್ಜಿ ಒಂದು ವ್ರತದ ದಿನ ಎಂದೇ ತಿಳಿದಳು. ಬೆಳಗಾಗುತ್ತಲೇ ಅಂಬಲಿ ಕಾಯಿಸಿ ಆರಿಸಿ, ಒಂದು ಚೊಂಬು ಕೊಟ್ಟಳು. ನಾನು ಪೂರ್ತಿ ಕುಡಿದೆ.

ಒಳಗೆ ಕರೆದುಕೊಂಡು ಹೋಗುವಾಗ ಸಿಸ್ಟರ್ ಕೇಳಿದರು: "ಏನೂ ತಿಂದಿಲ್ಲ ತಾನೆ?"

"ಇಲ್ಲ ಸಿಸ್ಟರ್."

"ಕುಡಿದೂ ಇಲ್ಲ?"

ಅಂಬಲಿಯೂ ಲೆಕ್ಕಕ್ಕೆ ಬರುತ್ತದೆಂದು ಅಲ್ಲಿ ನನಗೆ ಅರ್ಥವಾಯಿತು. ಕುಡಿದೆ ಎಂದರೆ ವಾಪಸ್ಸು ಕಳಿಸಿಬಿಡುತ್ತಾರೆ, ದೊರೆಗಳು ಹಡಗು ಹತ್ತುತ್ತಾರೆ, ನಾನು ಸಾಯುವ ತನಕ ಒರಳೇ. "ಇಲ್ಲ" ಎಂದೆ. ಅಜ್ಜಿ ಮಾಡಿದ್ದು ತಿಳಿಯದೆ ಮಾಡಿದ ತಪ್ಪು. ನಾನು ಹೇಳಿದ್ದು ತಿಳಿದು ಹೇಳಿದ ಸುಳ್ಳು. ಬಂದವರಿಗೆಲ್ಲಾ ನಾನು ಮೊದಲು ಹೇಳುವುದು ಇದನ್ನೇ.

ಆಮೇಲೆ ಹೊರಗೆ ನಡೆದದ್ದನ್ನು ನನಗೆ ಹೇಳಿದವರು ದಸ್ತಗೀರ್ ಸಾಬರು. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಅಜ್ಜಿ ಕೊಳಾಯಿಯ ಹತ್ತಿರ ಚೊಂಬು ಬೆಳಗುತ್ತಿದ್ದಳು.

"ಏನಮ್ಮಾ ಅದು, ಹಾಲಾ?"

"ಅಂಬ್ಲಿ ಸಾಬ್ರೇ. ಮಗೂಗೆ ಒಂದು ಚೊಂಬು ಕುಡ್ಸಿ ಕಳ್ಸಿದೆ. ಪಾಪ, ಬರೀ ಹೊಟ್ಟೇಲಿ ಹೆಂಗೆ ತಡ್ಕೊಂತಾನೆ."

"ಯಾ ಅಲ್ಲಾ" ಎಂದರಂತೆ ಸಾಬರು. "ಅಮ್ಮಾ, ಮತ್ತಿನ ಮದ್ದು ಮೂಗಿಗೆ ಹಿಡಿದ್ರೆ ಹೊಟ್ಟೇಲಿರೋದು ಮೇಲಕ್ಕೆ ಬರ್ತದೆ. ಉಸಿರಿನ ದಾರೀಲಿ ಇಳಿದ್ರೆ ಮನುಷ್ಯ ಉಳಿಯಲ್ಲ. ಅದಕ್ಕೇ ತಿನ್ಬೇಡ ಅನ್ನೋದು."

ಅಜ್ಜಿಗೆ ಆಗ ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗುತ್ತಿತ್ತು. ಚೊಂಬನ್ನು ಅಲ್ಲೇ ಬಿಟ್ಟು ಓಡಿದಳು. ಬಾಗಿಲಲ್ಲಿ ಅಡ್ಡ ನಿಂತವನನ್ನು ನೂಕಿದಳು.

ನಾನು ಮೇಜಿನ ಮೇಲಿದ್ದೆ. ಮೂಗಿನ ಮೇಲೆ ಬಟ್ಟೆ, ಅದರಿಂದ ಗಂಟಲು ಕಚ್ಚುವ ಸಿಹಿ ವಾಸನೆ. ಸಿಸ್ಟರ್ ಎಣಿಸು ಎಂದಿದ್ದರು. ತೆಲುಗಿನಲ್ಲಿ ಒಕಟಿ, ರೆಂಡು, ಮೂಡು ಎನ್ನುತ್ತಿದ್ದೆ. ಆಗ ಅಜ್ಜಿಯ ದನಿ ಕೇಳಿಸಿತು.

"ನಿಲ್ಸಿ ಸ್ವಾಮಿ. ಅಂಬ್ಲಿ ಕುಡ್ಸಿದೀನಿ. ನಾನೇ ಕುಡ್ಸಿದೀನಿ, ಒಂದು ಚೊಂಬು. ಕೊಯ್ಯೋದು ಹೋದ್ರೆ ಹೋಗ್ಲಿ, ಹುಡ್ಗ ಇರ್ಲಿ."

ಮುಖದ ಮೇಲಿನ ಬಟ್ಟೆ ಎದ್ದಿತು. ದೊರೆಗಳು ಬಗ್ಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ನಾನು ಅತ್ತೆ. ಅವರು ಕೈಗವಸುಗಳನ್ನು ಕಳಚಿ ಹೊರಗೆ ಹೋದರು.

ಹೊರಡುವ ತನಕ ಅವರ ದಿನಗಳೆಲ್ಲಾ ಬೇರೆ ರೋಗಿಗಳಿಗೆ ನಿಗದಿಯಾಗಿಬಿಟ್ಟಿವೆ, ಒಂದು ಹೊತ್ತೂ ಖಾಲಿಯಿಲ್ಲ ಎಂದರು ಸಿಸ್ಟರ್. ಅಜ್ಜಿ ಹೊಂಗೆ ಮರದ ಬುಡದಲ್ಲಿ ಕೂತು, "ನನ್ನ ಕೈಯಾರೆ ಹಾಳು ಮಾಡ್ದೆ" ಎಂದು ಒಂದೇ ಸಮನೆ ಹೇಳುತ್ತಿದ್ದಳು. ನನಗೆ ಆ ದಿನ ಎದೆಯ ತಗ್ಗಿಗಿಂತ ಅವಳ ಆ ಮಾತು ಹೆಚ್ಚು ನೋಯಿಸಿತು. ಸುಳ್ಳು ಹೇಳಿದವನು ನಾನು ಎಂದು ಹೇಳಿದರೂ ಅವಳು ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಅಪ್ಪ ಬಂದರು. ಹುಳಕ್ಕೆ ಸೊಪ್ಪು ಹಾಕಿ ಮುಗಿಸಿ, ಮಗ ಇದ್ದಾನೋ ಇಲ್ಲವೋ ಎಂದು ನಡೆದೇ ಬಂದಿದ್ದರು. ನಡೆದದ್ದನ್ನೆಲ್ಲಾ ಹೇಳಿದೆವು. ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಅವರು ಅಜ್ಜಿಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು.

"ಅಮ್ಮಾ, ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀಯಾ?"

ರೇಷ್ಮೆ ಹುಳ ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ಆಗ ಅದು ತಲೆಯೆತ್ತಿ, ಅಲುಗದೆ, ತಿನ್ನದೆ ಕೂರುತ್ತದೆ. ಆ ಹೊತ್ತಿನಲ್ಲಿ ಕನಿಕರಪಟ್ಟು ಸೊಪ್ಪು ಹಾಕಿದರೆ ತಟ್ಟೆಗೆ ತಟ್ಟೆಯೇ ಕೆಡುತ್ತದೆ.

"ಹಾಕಿದ್ರೆ ಉಳೀತವೇನೋ?" ಎಂದಳು ಅಜ್ಜಿ.

"ಇವನೂ ಹಂಗೇನೇ. ಎದ್ದ ಮೇಲೆ ಹಾಕೋಣ."

ಅಜ್ಜಿ ಅಳು ನಿಲ್ಲಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಪ್ಪ ಎದ್ದು ದೊರೆಗಳ ಬಂಗಲೆಯ ಗೇಟಿನ ಮುಂದೆ ಹೋಗಿ ನಿಂತರು. ಬೇಡವೇ ಬೇಡ ಎಂದಿದ್ದ ಮನುಷ್ಯ ಸಂಜೆಯ ತನಕ ಅಲ್ಲೇ ನಿಂತಿದ್ದರು. ದೊರೆಗಳು ಪೆಟ್ಟಿಗೆ ಕಟ್ಟುವುದನ್ನು ಬಿಟ್ಟು ಬಂದು, ಏನು ಎಂದು ಕೇಳಿದರು. "ತಪ್ಪು ನಮ್ದು ಸ್ವಾಮಿ. ಹುಡ್ಗನಿಗೆ ಉಸಿರು ಕೊಟ್ಟು ಹೋಗಿ" ಎಂದರು ಅಪ್ಪ.

"ನಿಮ್ಮ ತಾಯಿ ಒಳಗೆ ಬಂದು ನಿಜ ಹೇಳಿದ್ರಲ್ಲ," ಎಂದರಂತೆ ದೊರೆಗಳು, "ಅಂಥವರು ಕಾವಲಿದ್ರೆ ನನಗೆ ಹೆದರಿಕೆಯಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಮಾಡ್ತೀನಿ." ಭಾನುವಾರ ಅವರು ಕತ್ತಿ ಮುಟ್ಟುವವರಲ್ಲ ಎಂದು ನಮಗೆ ಗೊತ್ತಾದದ್ದು ಆಮೇಲೆ.

ಭಾನುವಾರ ಬೆಳಿಗ್ಗೆ ಅಜ್ಜಿ ನನ್ನ ಮಂಚದ ಪಕ್ಕ ಕೋಲು ಹಿಡಿದು ಕೂತಿದ್ದಳು. ನೀರಿನ ಹೂಜಿಯನ್ನು ಸಾಬರ ಮಂಚದ ಕೆಳಗೆ ತಳ್ಳಿದ್ದಳು. ಬಾಯಿ ಮುಕ್ಕಳಿಸಲು ಕೇಳಿದರೆ, "ಉಗುಳೂ ನುಂಗ್ಬೇಡ, ನೀನೀಗ ಜ್ವರಕ್ಕೆ ಕೂತಿದ್ದೀಯ" ಎಂದಳು. ಸಾಬರು ನಕ್ಕು ನಕ್ಕು ಕಾಲು ನೋಯಿಸಿಕೊಂಡರು. ಹೆದರಿಕೆ ಇರಲಿಲ್ಲ ಎಂದು ಹೇಳಲಾರೆ. ಒಳಗೆ ಹೋಗುವಾಗ ಅಪ್ಪ ನನ್ನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡಿದ್ದರು, ಬಾಗಿಲ ತನಕ ಬಿಡಲಿಲ್ಲ. ಈ ಸಲ ಐದಕ್ಕಿಂತ ಮುಂದೆ ಎಣಿಸಿದ ನೆನಪಿಲ್ಲ.

ಎಚ್ಚರವಾದಾಗ ಎದೆಯ ಮೇಲೆ ಬೀಸುವ ಕಲ್ಲಿಟ್ಟ ಹಾಗಿತ್ತು. ಮೂಳೆಯನ್ನು ಬಿಡಿಸಿ ಮೇಲಕ್ಕೆತ್ತಿ, ಅದಕ್ಕೆ ತಂತಿ ಪೋಣಿಸಿ, ಆ ತಂತಿಯನ್ನು ರಬ್ಬರ್ ಪಟ್ಟಿಗಳಿಂದ ಒಂದು ಮರದ ಚೌಕಟ್ಟಿಗೆ ಎಳೆದು ಕಟ್ಟಿದ್ದರು. ಚೌಕಟ್ಟು ನನ್ನ ಮೇಲೆ ಬಾಗಿ ನಿಂತಿತ್ತು. "ಗಾಡಿಗೆ ಕಮಾನು ಕಟ್ದಂಗದೆ" ಎಂದಳು ಅಜ್ಜಿ. ಆರು ವಾರ ಹಾಗೇ ಅಂಗಾತ ಮಲಗಬೇಕು, ಮಗ್ಗುಲಾಗುವಂತಿಲ್ಲ.

ಮೊದಲ ವಾರದ ನೋವನ್ನು ಬಣ್ಣಿಸಿ ನಿಮ್ಮನ್ನು ಹೆದರಿಸುವುದಿಲ್ಲ. ಅದು ದಿನಕ್ಕೊಂದು ಚಿಟಿಕೆ ಇಳಿಯುತ್ತದೆ, ಇಳಿದದ್ದು ನಿಮಗೆ ತಿಳಿಯುವುದಿಲ್ಲ ಅಷ್ಟೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಳ್ಳಿ, ಅಳು ಬಂದರೆ ಅಳಿ. ಎರಡನೆಯ ವಾರ ಜ್ವರ ಬಂದು ಮೂರು ದಿನ ಎಲ್ಲರ ಮುಖವೂ ಬಾಡಿತ್ತು, ನಾಲ್ಕನೆಯ ದಿನ ಬಿಟ್ಟಿತು. ನಗು ಮಾತ್ರ ನನ್ನ ದೊಡ್ಡ ಶತ್ರು. ದಸ್ತಗೀರ್ ಸಾಬರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. "ಸಾಬ್ರೇ, ದಮ್ಮಯ್ಯ" ಎಂದು ನಾನು ಕೈಮುಗಿದರೆ, "ಅರೆ ಬೇಟಾ, ನಾನೇನೂ ಹೇಳಿಲ್ಲ, ಬರೀ ನಿನ್ನ ಕಡೆ ನೋಡಿದೆ" ಎನ್ನುತ್ತಿದ್ದರು. ಅದಕ್ಕೂ ನಗು ಬರುತ್ತಿತ್ತು.

ಒಂದು ದಿನ ಅವರು ಮಲಗಿದ್ದಲ್ಲೇ ನನಗೊಂದು ಜುಬ್ಬ ಹೊಲಿದರು. ಮುಂದೆ ಪೂರ್ತಿ ತೆರೆದು, ಚೌಕಟ್ಟಿನ ಎರಡು ಕಡೆಗೂ ಲಾಡಿ ಕಟ್ಟುವ ಹಾಗೆ. ಎಂಟು ವರ್ಷ ಎದೆ ಮುಚ್ಚಿಕೊಂಡು ತಿರುಗಿದವನಿಗೆ ವಾರ್ಡಿನಲ್ಲಿ ಬರಿಮೈಯಲ್ಲಿ ಮಲಗುವುದು ಎಷ್ಟು ಕಷ್ಟ ಎಂದು ನಾನು ಅವರಿಗೆ ಹೇಳಿರಲಿಲ್ಲ. ಅವರು ಬಟ್ಟೆ ಹೊಲಿಯುವವರು, ಅಳತೆ ತೆಗೆಯದೆಯೇ ಕಂಡಿದ್ದರು.

ದೊರೆಗಳು ಹೊರಡುವ ದಿನ ಬಂದು ತಂತಿಯನ್ನೆಲ್ಲಾ ಮುಟ್ಟಿ ನೋಡಿದರು. ಇನ್ನು ಮುಂದೆ ಅವರ ಕೈಕೆಳಗೆ ಕಲಿತ ಡಾಕ್ಟರಮ್ಮ ನನ್ನನ್ನು ನೋಡಿಕೊಳ್ಳುವವರಿದ್ದರು. ಅಜ್ಜಿಗೆ ಕೈಮುಗಿದು, ನನ್ನ ಕಿವಿಯ ಹತ್ತಿರ ಬಗ್ಗಿ ತೆಲುಗಿನಲ್ಲಿ "ಇಂಕ ಅಬದ್ಧಂ ಚೆಪ್ಪೊದ್ದು" ಎಂದರು. ಇನ್ನು ಸುಳ್ಳು ಹೇಳಬೇಡ. ಅಷ್ಟೇ, ಹೊರಟುಹೋದರು.

ಏಳನೆಯ ವಾರ ತಂತಿ ತೆಗೆದರು. ಎದ್ದು ನಿಂತಾಗ ಕಾಲು ನಡುಗಿತು, ಆದರೆ ಉಸಿರು ಸಲೀಸಾಗಿ ಕೆಳಗಿನ ತನಕ ಇಳಿಯಿತು. ಅಷ್ಟು ದೂರ ಅದು ಹೋಗಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಎದೆ ಪೂರ್ತಿ ಸಮವಾಗಲಿಲ್ಲ. ಗೆರೆಯ ಎರಡು ಕಡೆ ಇವತ್ತಿಗೂ ಸ್ವಲ್ಪ ಏರುತಗ್ಗು ಇದೆ. ಕನ್ನಡಿಯ ಮುಂದೆ ನಿಂತು ಅದನ್ನು ಅಳೆಯುತ್ತಾ ಕೂರಬೇಡಿ. ಬಸ್ಸು ತಳ್ಳುವ ಆಸೆ ಮಾತ್ರ ತೀರಲಿಲ್ಲ. ನಾನು ಗಟ್ಟಿಯಾಗುವ ಹೊತ್ತಿಗೆ ಪೆಟ್ರೋಲು ಬಂದು, ಹಾಳಾದ ಬಸ್ಸುಗಳು ತಾವೇ ದಿಣ್ಣೆ ಹತ್ತುತ್ತಿದ್ದವು.

ಗಾಯ ಒಣಗಿದ ಮೇಲೆ ಮೊದಲ ಎಣ್ಣೆ ನೀರು ಯುಗಾದಿಗೆ. ಅಷ್ಟರಲ್ಲಿ ಅಜ್ಜಿಯ ಕಣ್ಣು ಇನ್ನೂ ಮಂಜಾಗಿ, ಎಲ್ಲವನ್ನೂ ಕೈಯಂದಾಜಿನಲ್ಲೇ ಮಾಡುತ್ತಿದ್ದಳು. ಮಣೆಯ ಮೇಲೆ ಅಂಗಾತ ಮಲಗಿದೆ. ಹದಿನೇಳು ವರ್ಷದ ರೂಢಿಯಲ್ಲಿ ಅವಳು ಗಿಂಡಿ ಬಗ್ಗಿಸಿ ಎದೆಯ ನಡುವಿಗೆ ಸುರಿದು, ಅದ್ದಲು ಬೆರಳು ಚಾಚಿದಳು. ಬೆರಳು ಬರೀ ಚರ್ಮಕ್ಕೆ ತಾಗಿತು. ಎಣ್ಣೆ ಎರಡು ಪಕ್ಕೆಗೂ ಹರಿದು, ಮಣೆಯಿಂದ ನೆಲಕ್ಕೆ ಇಳಿಯುತ್ತಿತ್ತು.

"ಎಣ್ಣೆ ಎಲ್ಲೋಯ್ತೋ?" ಎಂದಳು.

"ಚೆಲ್ಲೋಯ್ತು ಅಜ್ಜಿ. ನಿಲ್ತಿಲ್ಲ."

ಅವಳು ಬೈಯಲಿಲ್ಲ. ಅಂಗೈಯನ್ನು ನನ್ನ ಎದೆಯ ಮೇಲಿಟ್ಟು, ಒಂದು ಭುಜದಿಂದ ಇನ್ನೊಂದು ಭುಜದ ತನಕ ಮೆಲ್ಲಗೆ ಸವರಿದಳು. ಮತ್ತೆ ಗಿಂಡಿ ಎತ್ತಿ ಸುರಿದಳು. ಮತ್ತೆ ಹರಿಯಿತು. ಹನಿ ಚೆಲ್ಲಿದರೆ ರಂಪ ಮಾಡುತ್ತಿದ್ದ ಅಜ್ಜಿ, ಕೆಳಗೆ ಹರಿದು ಹೋಗುತ್ತಿದ್ದ ಎಣ್ಣೆಗೆ ಒಂದು ಕೈ ಒಡ್ಡಿಕೊಂಡು, ಗಿಂಡಿ ಬರಿದಾಗುವ ತನಕ ಸುರಿಯುತ್ತಲೇ ಇದ್ದಳು.